ಬಿಡ್ತು ಅನ್ನು

ಹೆಬ್ಬಗೋಡಿಯಲ್ಲಿ ನನ್ನ ದೊಡ್ಡಮ್ಮ ಅನುಸೂಯಮ್ಮನ ಮನೆಯೊಳಗೆ ಸಾವಿನ ಮಾತು ಆಡುವಂತಿರಲಿಲ್ಲ. ಯಾರಾದರೂ ಬಾಯಿ ತಪ್ಪಿ ಆಡಿದರೆ ದೊಡ್ಡಮ್ಮನ ಅತ್ತೆ ಮುನಿಯಕ್ಕ ಹಿತ್ತಿಲಲ್ಲಿದ್ದರೆ ಹಿತ್ತಿಲಿಂದ, ದೇವರ ಮುಂದೆ ಕೂತಿದ್ದರೆ ಅಲ್ಲಿಂದಲೇ "ಬಿಡ್ತು ಅನ್ನು" ಎನ್ನುತ್ತಿದ್ದಳು. ಆಡಿದವರು "ಬಿಡ್ತು" ಎನ್ನಬೇಕು. ಆಗ ಆಡಿದ ಮಾತು ಕಳಚಿ ಬಿತ್ತು, ಯಾರಿಗೂ ತಗಲಲಿಲ್ಲ ಎಂದು ಅರ್ಥ. ಈ ಪದ್ಧತಿ ಬಹಳ ಮನೆಗಳಲ್ಲಿ ಇದೆ. ಮುನಿಯಕ್ಕನಷ್ಟು ಬಿಗಿಯಾಗಿ ಹಿಡಿದವರನ್ನು ನಾನು ಬೇರೆ ಕಡೆ ನೋಡಿಲ್ಲ.

ಒಂದು ಸಲ ಬಾಡಿಗೆ ಕೊಡಲು ಬಂದ ಶಾಂತಿ, ಹೊಸ್ತಿಲ ಮೇಲೆ ನಿಂತು, "ಈ ಬಿಸ್ಲಿಗೆ ಸತ್ತೇ ಹೋಗ್ತೀನಿ ಅಜ್ಜಿ" ಎಂದಳು. ಅವಳು ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ಇವರ ವಠಾರದ ಕೊನೆಯ ರೂಮಿನಲ್ಲಿದ್ದಳು.

"ಬಿಡ್ತು ಅನ್ನು."

"ಬಿಸ್ಲಿಗೆ ಅಂದೆ ಅಜ್ಜಿ."

"ಬಿಸ್ಲೋ ಬೆಂಕಿನೋ. ನನ್ ಹೊಸ್ಲು ಮ್ಯಾಲೆ ನಿಂತ್ಕಂಡು ಅನ್ಬೇಡ. ಅನ್ನು ಮತ್ತೆ."

"ಬಿಡ್ತು. ಬಾಡಿಗೆನೂ ಬಿಡ್ತಾ ಅಜ್ಜಿ?"

"ಬಾಡಿಗೆ ಬಿಡಾಕಿಲ್ಲ, ತತ್ತಾ ಇಲ್ಲಿ."

ಹೀಗೆ ನಗುವ ಮಾತೇ ಆಗಿತ್ತು ಅದು. ಅದರಿಂದ ದೊಡ್ಡಮ್ಮನಿಗೆ ಏನಾಯಿತು ಎಂಬುದನ್ನು ಬರೆಯುತ್ತೇನೆ. ಎಲ್ಲವನ್ನೂ ಅವಳೇ ಹೇಳಿದ್ದು. ಬರೆಯಬಹುದೇ ಎಂದು ಕೇಳಿದ್ದಕ್ಕೆ, "ಬರಿ, ಆದ್ರೆ ಸುಳ್ಳು ಸೇರಿಸ್ಬೇಡ" ಎಂದಳು.

ದೊಡ್ಡಮ್ಮ ಹುಟ್ಟಿದ್ದು ಸರ್ಜಾಪುರದ ಕಡೆ, ರೇಷ್ಮೆ ಸಾಕುವವರ ಮನೆಯಲ್ಲಿ. ಹೆಬ್ಬಗೋಡಿಗೆ ಸೊಸೆಯಾಗಿ ಬಂದಾಗ ಇಲ್ಲಿಯೂ ಹಿಪ್ಪುನೇರಳೆ ತೋಟವಿತ್ತು, ಮನೆಯ ಹಿಂದೆ ಉದ್ದನೆಯ ಹುಳು ಮನೆ ಇತ್ತು. ಹುಳು ಸಾಕುವುದರಲ್ಲಿ ಅವಳ ಕೈ ಒಳ್ಳೆಯದು ಎಂದು ಬೀದಿಯವರೆಲ್ಲ ಹೇಳುತ್ತಿದ್ದರಂತೆ. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆ ಎತ್ತಿ ಸುಮ್ಮನಾಗುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಜ್ವರ ಬಿಟ್ಟ ಮೇಲೆ ಸೊಪ್ಪು ತಡಮಾಡಬಾರದು. ದೊಡ್ಡಮ್ಮನಿಗೆ ಇದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದುದು ಆ ಹುಳು ಮನೆಯೊಳಗೆ ಮಾತ್ರ. ಅಲ್ಲಿಗೆ ಕಾಲಿಡುವ ಮೊದಲು ಮುನಿಯಕ್ಕನೂ ಕಾಲು ತೊಳೆಯುತ್ತಿದ್ದಳು.

ಆಮೇಲೆ ತೋಟ ಹೋಯಿತು. ಕಾರ್ಖಾನೆ ಬಂತು, ಕಾರ್ಖಾನೆಯ ಪಕ್ಕ ಲೇಔಟ್ ಬಂತು. ದೊಡ್ಡಪ್ಪ ಹನುಮಂತರಾಯಪ್ಪ ಹುಳು ಮನೆಗೆ ಅಡ್ಡಗೋಡೆ ಹಾಕಿಸಿ ಬಾಡಿಗೆ ರೂಮುಗಳನ್ನು ಮಾಡಿಸಿದರು. ಯಾರ ಮೇಲೂ ತಪ್ಪು ಹೇಳುವಂತಿಲ್ಲ. ಮನೆಯ ಸ್ಥಿತಿ ಮೊದಲಿಗಿಂತ ಚೆನ್ನಾಯಿತು. ಮಗ ಬಾಲಾಜಿ ಚಂದಾಪುರದಲ್ಲಿ ಡಿಪ್ಲೊಮಾ ಸೇರಿದ. ದೊಡ್ಡಮ್ಮನಿಗೆ ಉಳಿದ ಕೆಲಸವೆಂದರೆ ನೀರು ಬಿಡುವುದು. ಬೋರ್‌ವೆಲ್ ಬತ್ತಿದ ಮೇಲೆ ಟ್ಯಾಂಕರ್ ನೀರು. ಎಲ್ಲ ರೂಮಿಗೂ ಒಟ್ಟಿಗೆ ಬಿಟ್ಟರೆ ಕೊನೆಯ ರೂಮಿಗೆ ಬರುವುದಿಲ್ಲ. ಯಾವ ವಾಲ್ವನ್ನು ಎಷ್ಟು ತಿರುಗಿಸಿ ಯಾವಾಗ ಮುಚ್ಚಬೇಕು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಎರಡು ಸಾವಿರದ ಹದಿಮೂರರಲ್ಲಿ ಅವಳ ನಿದ್ದೆ ಹೋಯಿತು. ಆಮೇಲೆ ರುಚಿ ಹೋಯಿತು. ಬೆಳಗ್ಗೆ ಎದ್ದ ತಕ್ಷಣ ಎದೆಯ ಮೇಲೆ ಯಾರೋ ಒದ್ದೆ ಗೋಣಿಚೀಲ ಹಾಕಿದ ಹಾಗೆ ಇರುತ್ತಿತ್ತಂತೆ. ಕಾರಣ ಕೇಳಿದವರಿಗೆ ಹೇಳಲು ಕಾರಣವಿರಲಿಲ್ಲ. ಅವಳಿಗೆ ಅದೇ ದೊಡ್ಡ ನಾಚಿಕೆಯಾಗಿತ್ತು.

"ಏನ್ ಕಮ್ಮಿ ಆಗೈತೆ ನಿಂಗೆ?" ಎಂದು ಮುನಿಯಕ್ಕ ಕೇಳುತ್ತಿದ್ದಳು. "ಗಂಡ ಕುಡಿಯಾಕಿಲ್ಲ, ಮಗ ಓದ್ತಾವ್ನೆ. ನಾನೇನ್ ನಿನ್ನ ಬೈತೀನಾ?"

"ಇಲ್ಲ ಅತ್ತೆ."

"ಮತ್ತೆ?"

ದೊಡ್ಡಪ್ಪ ತಾಯಿತ ಕಟ್ಟಿಸಿದರು, ದೃಷ್ಟಿ ತೆಗೆಸಿದರು, ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ರಕ್ತದಲ್ಲಿ ಏನೂ ಇರಲಿಲ್ಲ. ಏನಾದರೂ ಇರಲಿ ಎಂದು ದೊಡ್ಡಮ್ಮ ದೇವರನ್ನು ಕೇಳಿಕೊಂಡಿದ್ದಳು.

ಮಾರನೆಯ ವರ್ಷದ ಯುಗಾದಿ ಕಳೆಯುವಷ್ಟರಲ್ಲಿ ಅವಳಿಗೆ ಒಂದು ಯೋಚನೆ ಬರತೊಡಗಿತು. ಮೊದಲು ತಾನೇ ಬಂದು ತಾನೇ ಹೋಗುತ್ತಿತ್ತು. ಆಮೇಲೆ ಹೋಗುವುದನ್ನು ನಿಲ್ಲಿಸಿತು. ಎಲ್ಲಿ, ಹೇಗೆ ಎಂಬುದನ್ನು ಅವಳು ನನಗೆ ಹೇಳಿದ್ದಾಳೆ. ನಾನು ಅದನ್ನು ಬರೆಯುವುದಿಲ್ಲ. ಅವಳಿಗೆ ಸಾಯುವ ಆಸೆ ಇರಲಿಲ್ಲ, ಹೀಗೆ ಇರುವುದಕ್ಕೆ ಆಗುತ್ತಿರಲಿಲ್ಲ. ಯಾರಿಗಾದರೂ ಇದನ್ನು ಹೇಳಿಬಿಟ್ಟರೆ ಅವರು ತನ್ನನ್ನು ಹಿಡಿದುಕೊಳ್ಳುತ್ತಾರೆ ಎಂದು ಅವಳಿಗೆ ಅನಿಸುತ್ತಿತ್ತು. ಮನೆಯಲ್ಲಿ ಹೇಳುವಂತಿಲ್ಲ. ಕೇಳಿದರೆ ಹೇಳಬಹುದು. ಆದರೆ ಯಾರು ಕೇಳುತ್ತಾರೆ?

ಅದಕ್ಕೇ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ್ ಇದ್ದಾರೆ, ತೋರಿಸೋಣ ಎಂದು ದೊಡ್ಡಪ್ಪ ಹೇಳಿದಾಗ ಅವಳು ತಕ್ಷಣ ಸೀರೆ ಬದಲಾಯಿಸಿದಳು. ಅಂಥ ಡಾಕ್ಟರು ಆ ಪ್ರಶ್ನೆ ಕೇಳುತ್ತಾರೆ ಎಂದು ಟಿವಿಯಲ್ಲಿ ನೋಡಿದ್ದಳಂತೆ. ಹೊಸೂರು ರಸ್ತೆಯ ಗದ್ದಲದಲ್ಲಿ ಆಟೋ ನಿಂತು ನಿಂತು ಹೋಗುತ್ತಿದ್ದಾಗ, ಗಂಡ ಮತ್ತು ಅತ್ತೆಯ ನಡುವೆ ಕೂತು, 'ಹೌದು' ಎಂಬ ಮಾತನ್ನು ಬಾಯಿ ಮುಚ್ಚಿಕೊಂಡೇ ಹೇಳಿ ಹೇಳಿ ನೋಡಿದಳು.

ಡಾಕ್ಟರ್ ಚಿಕ್ಕ ವಯಸ್ಸಿನವರು, ಮಾತು ಮೃದು. ಮೂವರನ್ನೂ ಒಳಗೇ ಕೂರಿಸಿದರು. ನಿದ್ದೆ, ಊಟ, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದರು. ದೊಡ್ಡಪ್ಪ ಅರ್ಧ, ಮುನಿಯಕ್ಕ ಅರ್ಧ ಉತ್ತರ ಕೊಟ್ಟರು. ಆಮೇಲೆ ಡಾಕ್ಟರ್ ದೊಡ್ಡಮ್ಮನ ಕಡೆ ತಿರುಗಿದರು.

"ಸಾಯ್ಬೇಕು, ಏನಾದ್ರೂ ಮಾಡ್ಕೊಂಡ್ಬಿಡ್ಬೇಕು ಅಂತ ಯಾವತ್ತಾದ್ರೂ ಅನ್ಸಿದೆಯಾಮ್ಮ?"

ದೊಡ್ಡಮ್ಮ ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ಪಕ್ಕದಿಂದ ಮಾತು ಬಂತು.

"ಬಿಡ್ತು ಅನ್ನಿ ಡಾಕ್ಟ್ರೇ."

ಡಾಕ್ಟರೂ ನಮ್ಮಂಥ ಮನೆಯಲ್ಲೇ ಬೆಳೆದವರಿರಬೇಕು. ಅಜ್ಜಿಯಂಥವರೊಬ್ಬರು ಹೇಳಿದ ತಕ್ಷಣ ಅವರ ಬಾಯಿಂದ ತಾನಾಗಿ ಬಂದುಬಿಟ್ಟಿತು. "ಬಿಡ್ತು ಅಜ್ಜಿ, ಬಿಡ್ತು" ಎಂದು ನಕ್ಕರು. "ಕೇಳ್ಲೇಬೇಕಲ್ಲ, ಅದಕ್ಕೆ ಕೇಳ್ದೆ."

"ಕೇಳಿ, ಬ್ಯಾಡ ಅನ್ನಾಕಿಲ್ಲ. ಬಾಯ್ ನೋಡ್ಕಂಡ್ ಕೇಳಿ. ನಮ್ ಸೊಸೆ ಅಂತೋಳಲ್ಲ."

"ಅಂಥೋರು ಇಂಥೋರು ಅಂತ ಇಲ್ಲ ಅಜ್ಜಿ ಇದ್ರಲ್ಲಿ." ಮತ್ತೆ ದೊಡ್ಡಮ್ಮನ ಕಡೆ ನೋಡಿದರು. "ಹಂಗೇನೂ ಇಲ್ಲ ಅಲ್ವಾಮ್ಮ?"

ಮೊದಲು ಕೇಳಿದ ಪ್ರಶ್ನೆ ಬಿಟ್ಟುಹೋಗಿತ್ತು. ಅದನ್ನು ಕೇಳಿದವರೇ ಬಿಡ್ತು ಅಂದಿದ್ದರು. ಈಗ ಕೇಳಿದ್ದಕ್ಕೆ ಇಲ್ಲ ಎನ್ನುವುದು ಬಿಟ್ಟರೆ ಬೇರೆ ಉತ್ತರವಿರಲಿಲ್ಲ. ದೊಡ್ಡಮ್ಮನ ತಲೆ ತಾನೇ ಅಲ್ಲಾಡಿತು. ಡಾಕ್ಟರ್ ಬರೆದುಕೊಂಡರು, ಒಂದು ತಿಂಗಳ ಮಾತ್ರೆ ಕೊಟ್ಟರು, ಅವಳ ಕೈಗೇ ಕೊಟ್ಟರು.

ಹೊರಗೆ ಬಂದ ಮೇಲೆ ದೊಡ್ಡಪ್ಪನ ಮುಖ ಹಗುರಾಗಿತ್ತು. "ನೋಡ್ದಾ, ಭಯ ಪಡೋ ಅಂಥದ್ದೇನೂ ಇಲ್ಲ ಅಂದ್ರು. ಎಳ್ನೀರ್ ಕುಡೀತೀಯಾ?" ಎಂದರು. ದೊಡ್ಡಮ್ಮ ಕುಡಿದಳು. ಆ ಎಳನೀರು ಮಣ್ಣಿನ ಹಾಗಿತ್ತು ಎಂದು ಹೇಳಿದಳು.

ಆಮೇಲಿನ ದಿನಗಳಲ್ಲಿ ಅವಳು ತಾನಾಗಿಯೇ ಹೇಳಲು ನೋಡಿದಳು. ಒಂದು ಸಂಜೆ ದೊಡ್ಡಪ್ಪ ಕಾಫಿ ಕುಡಿಯುತ್ತಿದ್ದಾಗ, "ನಂಗೆ ಇರೋಕ್ಕೇ ಆಗ್ತಿಲ್ಲ ಕಣ್ರೀ" ಎಂದಳು.

"ಎಲ್ಲಿ ಇರೋಕ್ಕೆ? ಸರ್ಜಾಪುರಕ್ಕೆ ಹೋಗಿದ್ದು ಬರ್ತೀಯಾ?"

"ಅದಲ್ಲ. ಇರೋದೇ ಬೇಡ..."

"ಬಿಡ್ತು ಅನ್ನೇ" ಎಂದರು ದೊಡ್ಡಪ್ಪ. ಕೈಯಲ್ಲಿದ್ದ ಲೋಟವನ್ನು ತಟ್ಟನೆ ಕೆಳಗಿಟ್ಟರು. ಅವರು ಹೆದರಿದ್ದನ್ನು ನೋಡಿ ದೊಡ್ಡಮ್ಮನಿಗೆ ಪಾಪ ಅನಿಸಿತು. "ಬಿಡ್ತು" ಎಂದಳು. ಅವರು ಉಳಿದ ಕಾಫಿ ಕುಡಿದರು.

ಇನ್ನೊಂದು ಸಲ ನೀರು ಬಿಡಲು ಹೋದಾಗ ಶಾಂತಿಯನ್ನು ಕೇಳಿದಳು. "ನಿಂಗೆ ಯಾವತ್ತಾದ್ರೂ ಸಾಕಪ್ಪಾ ಸಾಕು ಅನ್ಸುತ್ತಾ?"

"ದಿನಾ ಅನ್ಸುತ್ತೆ ಅಕ್ಕ. ಪೀಸ್ ಕಮ್ಮಿ ಆದ್ರೆ ಸೂಪರ್‌ವೈಸರ್ ಬಾಯಿ ಕೇಳ್ಬೇಕಲ್ಲ, ಆಗ ಮಿಷಿನ್ ಎತ್ತಿ ಅವನ ತಲೆ ಮೇಲೆ ಹಾಕೋಣ ಅನ್ಸುತ್ತೆ." ಶಾಂತಿ ನಕ್ಕಳು. ದೊಡ್ಡಮ್ಮನೂ ನಕ್ಕಳು. ನಗುವಾಗ ಮುಖದ ಚರ್ಮ ಮಾತ್ರ ಎಳೆದ ಹಾಗಾಯಿತಂತೆ.

ಅಲ್ಲಿಂದ ಮುಂದೆ ಅವಳು ಹೇಳುವ ಪ್ರಯತ್ನ ಬಿಟ್ಟಳು. ಮನೆಯ ಕಂಬಳಿ, ರಗ್ಗು ಎಲ್ಲ ಒಗೆದು ಒಣಗಿಸಿದಳು. ಬಾಲಾಜಿಯನ್ನು ಒಲೆಯ ಮುಂದೆ ನಿಲ್ಲಿಸಿಕೊಂಡು ಬಸ್ಸಾರು ಮಾಡುವುದನ್ನು ಕಲಿಸಿದಳು. "ನಂಗ್ಯಾಕಮ್ಮಾ ಇದು?" ಎಂದು ಅವನು ಗೊಣಗಿದ. ಶಾಂತಿಯನ್ನು ಕರೆದು ವಾಲ್ವುಗಳ ಹತ್ತಿರ ಕೂರಿಸಿ, ಇದು ಮೊದಲು, ಇದು ಅರ್ಧ, ಇದನ್ನು ಮುಚ್ಚಿದ ಮೇಲೆ ಅದು ಎಂದು ಪೂರ್ತಿ ತೋರಿಸಿದಳು. ಶಾಂತಿ ತಪ್ಪಿಲ್ಲದೆ ಮಾಡುವವರೆಗೆ ಬಿಡಲಿಲ್ಲ.

ಮನೆಯವರಿಗೆ ಇದೆಲ್ಲ ಸಂತೋಷದ ವಿಷಯವಾಗಿ ಕಂಡಿತು. "ಮಾತ್ರೆ ಇಡಿದೈತೆ" ಎಂದು ಮುನಿಯಕ್ಕ ಬೀದಿಯವರಿಗೆ ಹೇಳಿದಳು. "ಈಗ ಎದ್ದು ಓಡಾಡ್ತಾಳೆ, ಗೇಯ್ತಾಳೆ." ದೊಡ್ಡಮ್ಮನಿಗೂ ಮೊದಲಿಗಿಂತ ಸಮಾಧಾನವಿತ್ತು. ಅದು ಎಂಥ ಸಮಾಧಾನ ಎಂದು ಅವಳಿಗೆ ಮಾತ್ರ ಗೊತ್ತಿತ್ತು.

ತಿಂಗಳು ಮುಗಿಯುತ್ತಿದ್ದಂತೆ ಮತ್ತೆ ಆಸ್ಪತ್ರೆಗೆ ಹೋಗಬೇಕಾಯಿತು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. "ಚೆನ್ನಾಗಿದ್ದೀನಲ್ಲ, ಇನ್ಯಾಕೆ" ಎಂದಳು. ದೊಡ್ಡಪ್ಪ, ಟೋಕನ್ ತೆಗೆದುಕೊಂಡಾಗಿದೆ, ಹೋಗಿಬರೋಣ ಎಂದರು. ಅಷ್ಟೇ ಕಾರಣ.

ಈ ಸಲ ಡಾಕ್ಟರನ್ನು ನೋಡುವ ಮೊದಲು ಮಾಲಾ ಎಂಬ ಕೌನ್ಸೆಲರ್ ಹತ್ತಿರ ಕೂರಬೇಕಾಗಿತ್ತು. ಅವರು ಬಾಗಿಲಿಗೆ ಬಂದು, "ಅನುಸೂಯಮ್ಮ ಒಬ್ರೇ ಬರ್ಲಿ, ಉಳಿದೋರು ಇಲ್ಲೇ ಕೂತಿರಿ" ಎಂದರು.

"ಯಾಕೆ, ನಾವ್ ಏನ್ ಕಚ್ತೀವಾ?" ಎಂದಳು ಮುನಿಯಕ್ಕ.

"ನಿಮ್ಮ ಹತ್ರಾನೂ ಮಾತಾಡ್ತೀನಿ ಅಜ್ಜಿ. ಆಮೇಲೆ."

"ಮನೆ ಸೊಸೆನ ಒಬ್ಳನ್ನೇ ಬಿಟ್ಟು ಕೂರ್ಬೇಕಾ? ಅವ್ಳಿಗೆ ಮಾತಾಡಾಕ್ ಬರಾಕಿಲ್ಲ, ನಾನೇ ಏಳ್ಬೇಕು."

"ಬರದಿದ್ರೆ ಕರೀತೀನಿ" ಎಂದು ಮಾಲಾ ಮೇಡಂ ಬಾಗಿಲು ಹಾಕಿಕೊಂಡರು.

ನಿದ್ದೆಯಿಂದಲೇ ಶುರುಮಾಡಿದರು. ದೊಡ್ಡಮ್ಮ ಚೆನ್ನಾಗಿದೆ ಎಂದಳು. ಊಟ ಚೆನ್ನಾಗಿದೆ. ಮನಸ್ಸು ಚೆನ್ನಾಗಿದೆ. ಮೇಡಂ ಆ ಪ್ರಶ್ನೆಯನ್ನು ಕೇಳಿದರು, ಅದೇ ಮಾತುಗಳಲ್ಲಿ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ದೊಡ್ಡಮ್ಮನ ಬಾಯಿ ತಾನೇ "ಬಿಡ್ತು ಅನ್ನಿ" ಎಂದಿತು. ಅಷ್ಟು ದಿನ ಯಾವ ಪ್ರಶ್ನೆಗೆ ಕಾದಿದ್ದಳೋ ಆ ಪ್ರಶ್ನೆಯನ್ನು ಅವಳೇ ತಳ್ಳಿಬಿಟ್ಟಳು.

ಮಾಲಾ ಮೇಡಂ ನಗಲಿಲ್ಲ. "ನಾನು ಅನ್ನಲ್ಲ" ಎಂದರು. "ನಮ್ಮಮ್ಮನೂ ಹೀಗೇ ಅನ್ಸ್ತಾರೆ, ಮನೇಲಿ ಅಂತೀನಿ. ಇಲ್ಲಿ ಅನ್ನಲ್ಲ. ಬಿಪಿ ಎಷ್ಟಿದೆ ಅಂತ ಕೇಳಿದ್ರೆ ಬಿಪಿ ಬರುತ್ತಾ? ಇದೂ ಅಷ್ಟೆ. ಕೇಳಿದ್ರಿಂದ ಬರಲ್ಲ. ಬಂದಿದ್ರೆ ಹೇಳ್ಬಹುದು. ತುಂಬಾ ಜನ ಹೇಳ್ತಾರೆ, ಅದೇ ಕುರ್ಚಿ ಮೇಲೆ ಕೂತು."

ದೊಡ್ಡಮ್ಮ ಕುರ್ಚಿಯನ್ನು ನೋಡಿಕೊಂಡಳು.

"ಸಾಯ್ಬೇಕು ಅನ್ಸಿದೆಯಾ ಅನುಸೂಯಮ್ಮ?"

"ಹೌದು."

ಹೇಳಿದ ಮೇಲೆ ಏನೋ ಆಗುತ್ತದೆ ಎಂದುಕೊಂಡಿದ್ದಳಂತೆ. ಏನೂ ಆಗಲಿಲ್ಲ, ಫ್ಯಾನ್ ತಿರುಗುತ್ತಿತ್ತು. ಮೇಡಂ ಹೆದರಲಿಲ್ಲ, ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಇನ್ನೂ ಕೇಳಿದರು. ಯಾವಾಗಿನಿಂದ? ಸುಮ್ಮನೆ ಬಂದು ಹೋಗುತ್ತದೆಯೋ, ಹೇಗೆ ಎಂದೂ ಯೋಚಿಸಿದ್ದೀರೋ? ಅದಕ್ಕೆ ಬೇಕಾದದ್ದು ಮನೆಯಲ್ಲಿ ನಿಮ್ಮ ಕೈಗೆ ಸಿಗುವ ಹಾಗಿದೆಯೋ? ದೊಡ್ಡಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ತನ್ನ ದನಿ ಯಾರದೋ ದನಿಯ ಹಾಗೆ ಕೇಳುತ್ತಿತ್ತು.

"ಇಷ್ಟು ದಿನ ತಡೆದಿದ್ದು ಏನು?"

ಇದನ್ನು ಹೇಳಲು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. "ಮಗ ಅನ್ಬೇಕು ಮೇಡಂ. ಆದ್ರೆ ಅಲ್ಲ. ಅವನ ಮುಖ ನೆನೆಸ್ಕೊಂಡ್ರೂ ನಿಲ್ತಿರ್ಲಿಲ್ಲ. ನೀರು ಬಿಡೋರು ಯಾರು ಅಂತ ನಿಂತ್ಕೊಂಡೆ. ನಾನಿಲ್ದಿದ್ರೆ ಕೊನೇ ರೂಮಿಗೆ ನೀರು ಬರಲ್ಲ. ಡ್ಯೂಟಿಗೆ ಹೋಗೋ ಹುಡ್ಗೀರು." ಅತ್ತಳು. "ಎಂಥ ತಾಯಿ ನೋಡಿ."

"ಯಾವುದು ತಡೀತೋ ಅದು ತಡೀತು. ತಡೆದಿದ್ದೇ ದೊಡ್ಡದು. ಈಗ್ಲೂ ನೀವೇ ಬಿಡ್ತೀರಾ ನೀರು?"

"ಇಲ್ಲ. ಶಾಂತಿಗೆ ಕಲ್ಸಿದ್ದೀನಿ."

ಮಾಲಾ ಮೇಡಂ ಪೆನ್ನು ಕೆಳಗಿಟ್ಟರು. ದೊಡ್ಡಮ್ಮನ ಕೈ ಹಿಡಿದುಕೊಂಡರು. ಇದನ್ನು ತಮ್ಮೊಳಗೇ ಇಟ್ಟುಕೊಳ್ಳಲು ಆಗುವುದಿಲ್ಲ, ಡಾಕ್ಟರಿಗೂ ಮನೆಯವರಿಗೂ ಹೇಳಲೇಬೇಕು, ಇವತ್ತು ನಿಮ್ಮನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ ಎಂದು ಬಿಡಿಸಿ ಹೇಳಿದರು. "ನೀವು ಹೇಳ್ತೀರಾ, ನಾನು ಹೇಳ್ಲಾ?"

"ನೀವೇ ಹೇಳಿ. ನಾನು ಇಲ್ಲೇ ಕೂತಿರ್ತೀನಿ."

ಡಾಕ್ಟರ್ ಬಂದರು, ದೊಡ್ಡಪ್ಪ, ಮುನಿಯಕ್ಕ ಬಂದರು. ಮಾಲಾ ಮೇಡಂ ಸುತ್ತು ಬಳಸದೆ ಹೇಳಿದರು. ಮುನಿಯಕ್ಕ ಸೊಸೆಯ ಕಡೆ ತಿರುಗಿದಳು.

"ಬಿಡ್ತು ಅನ್ನು."

ದೊಡ್ಡಮ್ಮ ನೆಲ ನೋಡುತ್ತಿದ್ದಳು.

"ಅನ್ನು ಅನುಸೂಯ. ಬಾಯ್ ಬುಟ್ಟು ಅನ್ನು."

"ಅನ್ನಲ್ಲ ಅತ್ತೆ. ಅಂದ್ರೆ ಹೋಗಲ್ಲ ಅದು. ಅಂದು ಅಂದು ನೋಡ್ದೆ."

ಮದುವೆಯಾಗಿ ಬಂದ ಮೇಲೆ ಅತ್ತೆಗೆ ಅವಳು ಎದುರಾಡಿದ್ದು ಅದೇ ಮೊದಲು. ಮುನಿಯಕ್ಕ ಡಾಕ್ಟರ ಮುಖ ನೋಡಿದಳು, ಅವರಾದರೂ ಅನ್ನಲಿ ಎನ್ನುವ ಹಾಗೆ. ಡಾಕ್ಟರ್ ಈ ಸಲ ನಗಲಿಲ್ಲ. "ಹೋದ ಸಲ ನಾನು ಅಂದಿದ್ದೇ ತಪ್ಪಾಯ್ತು ಅಜ್ಜಿ" ಎಂದರು. ಕೆಲವು ದಿನ ವಾರ್ಡಿನಲ್ಲಿ ಇರಬೇಕು, ಜೊತೆಗೆ ಮನೆಯವರೊಬ್ಬರು ಹಗಲು ರಾತ್ರಿ ಇರಬೇಕು, ಮನೆಯಲ್ಲಿ ಏನೇನು ತೆಗೆದು ಬೀಗ ಹಾಕಬೇಕು ಎಂದು ದೊಡ್ಡಪ್ಪನಿಗೆ ವಿವರಿಸಿದರು. ಮಾತ್ರೆ ಇನ್ನು ಮೇಲೆ ಅವಳ ಕೈಗೆ ಬೇಡ ಎಂದರು.

"ನಾನಿರ್ತೀನಿ" ಎಂದರು ದೊಡ್ಡಪ್ಪ.

"ನೀನು ಎಂಗಸ್ರ ವಾರ್ಡ್ನಾಗೆ ಎಂಗಿರ್ತೀಯಾ? ನಾನಿರ್ತೀನಿ" ಎಂದಳು ಮುನಿಯಕ್ಕ.

ವಾರ್ಡಿನ ದಿನಗಳು ಕೆಟ್ಟದಾಗಿದ್ದವು. ಹೇಳಿದ್ದರಿಂದ ಯೋಚನೆ ಹೋಗಲಿಲ್ಲ, ಕೆಲವು ಸಲ ಇನ್ನೂ ಜೋರಾಗಿ ಬಂತು. ಹೊಸ ಮಾತ್ರೆಗೆ ನಾಲಿಗೆ ಒಣಗುತ್ತಿತ್ತು. ಬಚ್ಚಲಿಗೆ ಹೋದರೂ ಬಾಗಿಲಿಗೆ ಚಿಲಕ ಹಾಕುವಂತಿರಲಿಲ್ಲ. ಹೊರಗೆ ಮುನಿಯಕ್ಕ ನಿಂತಿರುತ್ತಿದ್ದಳು. ಬಾಲಾಜಿ ಬಂದು ಮಂಚದ ಹತ್ತಿರ ನಿಂತಿದ್ದು, ನೆಲ ನೋಡಿಕೊಂಡೇ ಹೋದ. ಅವನು ಹೋದ ಮೇಲೆ ದೊಡ್ಡಮ್ಮನಿಗೆ, ಹೇಳದೆ ಇದ್ದಿದ್ದರೇ ಚೆನ್ನಾಗಿತ್ತು ಅನಿಸಿತು.

ದಿನಾ ಬೆಳಗ್ಗೆ ಒಬ್ಬ ನರ್ಸ್ ಬಂದು, ಜ್ವರ ನೋಡಿ, ಬಿಪಿ ನೋಡಿ, ಆ ಪ್ರಶ್ನೆಯನ್ನೂ ಕೇಳುತ್ತಿದ್ದರು. ರಾತ್ರಿ ಆ ಯೋಚನೆ ಬಂತಾ? ನಿನ್ನೆಗಿಂತ ಜಾಸ್ತಿನಾ, ಕಮ್ಮಿನಾ? ಮೊದಮೊದಲು ನರ್ಸ್ ಕೇಳುವಾಗ ಮುನಿಯಕ್ಕ ಎದ್ದು ಕಿಟಕಿಯ ಹತ್ತಿರ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಕಂಪನಿ ಬಸ್ಸುಗಳು ಹೋಗುವುದನ್ನು ನೋಡುತ್ತಿದ್ದಳು. ಆಮೇಲೆ ಸ್ಟೂಲಿನ ಮೇಲೆ ಕೂತೇ ತಲೆ ಆಚೆ ತಿರುಗಿಸುತ್ತಿದ್ದಳು. ಆಮೇಲೆ ತಿರುಗಿಸುವುದನ್ನೂ ಬಿಟ್ಟಳು.

ಒಂದು ಬೆಳಗ್ಗೆ ಪಕ್ಕದ ವಾರ್ಡಿನಲ್ಲಿ ಏನೋ ಗಡಿಬಿಡಿಯಾಗಿ ನರ್ಸ್ ಬರುವುದು ತಡವಾಯಿತು. ಕಾಫಿ ಬಂದು ಆರಿತು. ದೊಡ್ಡಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆ ದಿನ ಯಾರೂ ಕೇಳದಿದ್ದರೆ ಒಳ್ಳೆಯದು ಎಂದುಕೊಳ್ಳುತ್ತಿದ್ದಳಂತೆ. ಯಾರಾದರೂ ಕೇಳಲಿ ಎಂದೂ ಅಂದುಕೊಳ್ಳುತ್ತಿದ್ದಳಂತೆ.

"ನರ್ಸಮ್ಮ ಬಂದಿಲ್ಲ" ಎಂದಳು ಮುನಿಯಕ್ಕ.

"ಹೂಂ."

"ಅದೇ. ಅವ್ರ್ ಕೇಳ್ತಾರಲ್ಲ, ಅದು." ಮುನಿಯಕ್ಕ ಆರಿದ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಬಂತಾ ರಾತ್ರಿ?"

ದೊಡ್ಡಮ್ಮ ಈ ಕಡೆ ತಿರುಗಿದಳು. ಅತ್ತೆಯ ಎರಡೂ ಕೈ ಸೆರಗನ್ನು ಹಿಂಡುತ್ತಿದ್ದವು.

"ಬಂತು ಅತ್ತೆ."

"ನಿನ್ನೆಗಿಂತ ಜಾಸ್ತಿನಾ, ಕಮ್ಮಿನಾ?"

"ಅಷ್ಟೇ ಐತೆ."

"ಅಷ್ಟೇನಾ."

ಮುಂದೆ ಏನು ಕೇಳಬೇಕೆಂದು ಮುನಿಯಕ್ಕನಿಗೆ ಗೊತ್ತಿರಲಿಲ್ಲ. ಸ್ಟೂಲನ್ನು ಮಂಚಕ್ಕೆ ತಗಲುವಷ್ಟು ಹತ್ತಿರ ಎಳೆದುಕೊಂಡಳು. "ಸರಿ, ನರ್ಸಮ್ಮ ಬರೋಗಂಟ ನಾನ್ ಎದ್ದೋಗಾಕಿಲ್ಲ" ಎಂದಳು.